ಅಕ್ಕ ಕೊಟ್ಟ ಹಗುರ ಬೆಲ್ಟು

ಬಂಡೆ ಹತ್ತುವಾಗ ಸೊಂಟಕ್ಕೆ ತೊಡುವ ಆ ಬೆಲ್ಟನ್ನು ಅಕ್ಕ ನನಗೆ ಕೊಟ್ಟದ್ದು ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನಲ್ಲಿ. ಶಾಲೆ ಬಿಟ್ಟ ಹೊತ್ತು. ಊಟಿ ಕಡೆಯಿಂದ ಬಂದ ಬಸ್ಸೊಂದರ ಮೇಲಿಂದ ಕ್ಯಾರೆಟ್ ಮೂಟೆಗಳನ್ನು ಇಳಿಸುತ್ತಿದ್ದರು. ಅಕ್ಕ ತರಕಾರಿ ಚೀಲದ ತಳಕ್ಕೆ ಕೈಹಾಕಿ, ಹಳೇ ಪೇಪರಿನಲ್ಲಿ ಸುತ್ತಿದ್ದ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. ಬಿಚ್ಚುವ ಮೊದಲೇ ಅದೇನೆಂದು ಗೊತ್ತಾಯಿತು. ಅಷ್ಟು ಹಗುರವಾದ ಸಾಮಾನು ಅವರ ಹತ್ತಿರ ಇನ್ನೊಂದಿರಲಿಲ್ಲ.

“ನೀನೇ ಇಟ್ಕೊ. ನಂಗ್ಯಾಕೋ ಒಗ್ತಾ ಇಲ್ಲ” ಅಂದರು.

ನಾನು ಬೇಡವೆನ್ನುವಷ್ಟರಲ್ಲಿ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗುವ ಬಸ್ಸು ಬಂತು. ಅಕ್ಕ ಹತ್ತಿ, ಕಿಟಕಿಯ ಪಕ್ಕ ಕೂತರು. ಎಂದಿನಂತೆ ಕೈ ಬೀಸಲಿಲ್ಲ. ಬಸ್ಸು ಹೊರಟ ಮೇಲೂ ನಾನು ಪೊಟ್ಟಣ ಹಿಡಿದು ಅಲ್ಲೇ ನಿಂತಿದ್ದೆ. ಒಗ್ಗುವುದಿಲ್ಲ ಎಂಬ ಮಾತನ್ನು ನನಗೆ ನಂಬಲಾಗಲಿಲ್ಲ. ಬೇಸಿಗೆಯಲ್ಲಿ ಬೆಲ್ಟು ಬಂದಾಗ, ತೊಟ್ಟಿರುವುದೇ ತಿಳಿಯುವುದಿಲ್ಲ ಎಂದು ಹೊಗಳಿದ್ದವರು ಇವರೇ. ಬಂಡೆಯಿಂದ ಇಳಿದ ಮೇಲೆ ಅದನ್ನು ಮಡಿಚುವುದಕ್ಕೂ ನನಗೆ ಬಿಟ್ಟವರಲ್ಲ. ಅಂಥದ್ದನ್ನು ಬಸ್ ಸ್ಟ್ಯಾಂಡಿನಲ್ಲಿ, ಮುಖ ನೋಡದೆ, ಯಾಕೆ ಕೊಟ್ಟರು?

ಅಕ್ಕ ನನಗೆ ಒಡಹುಟ್ಟಿದವರಲ್ಲ. ಗುಂಡ್ಲುಪೇಟೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವ್ಯಾಯಾಮದ ಮೇಡಂ ಆಗಿದ್ದರು. ಮನೆ ಚಾಮರಾಜನಗರದಲ್ಲಿ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಚಾಮರಾಜನಗರ ಆಗ ಇನ್ನೂ ಜಿಲ್ಲೆಯಾಗಿರಲಿಲ್ಲ, ಮೈಸೂರು ಜಿಲ್ಲೆಯ ಒಂದು ತಾಲ್ಲೂಕು ಅಷ್ಟೆ. ನಾನು ಗುಂಡ್ಲುಪೇಟೆಯಲ್ಲಿ ಅವರ ಹೈಸ್ಕೂಲಿನ ಬೀದಿಯಲ್ಲೇ ಇದ್ದ ಚಿಕ್ಕದೊಂದು ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ನನ್ನ ಊರು ಕುದೇರು. ಮದುವೆಯಾಗದ ಮಗಳು ಬೇರೆ ಊರಿನಲ್ಲಿ ಒಬ್ಬಳೇ ಇರುವುದು ಬೇಡವೆಂದು ಅಪ್ಪನನ್ನೂ ಅಣ್ಣನನ್ನೂ ಹೊಲದ ಕೆಲಸಕ್ಕೆ ಬಿಟ್ಟು ಅಮ್ಮ ನನ್ನ ಜೊತೆ ಬಂದು ಬಾಡಿಗೆ ಮನೆಯಲ್ಲಿದ್ದಳು. ಜೊತೆಗೊಂದು ಹಸುವನ್ನೂ ಕರೆತಂದಿದ್ದಳು.

ಮದುವೆಗೆ ಮೊದಲು ಅಕ್ಕ ಉತ್ತರದ ಕಡೆ ಹೋಗಿ ಬೆಟ್ಟ ಹತ್ತುವ ಶಿಕ್ಷಣ ಪಡೆದು ಬಂದಿದ್ದರು. ಒಂದು ಉದ್ದನೆಯ ಹಗ್ಗ, ಒಂದಷ್ಟು ಕಬ್ಬಿಣದ ಕೊಂಡಿಗಳು ಅವರ ಹತ್ತಿರ ಇದ್ದವು. ಹತ್ತಲು ಜೊತೆಗೆ ಯಾರೂ ಇರಲಿಲ್ಲ. ಎರಡೂ ಶಾಲೆಗಳ ಮಕ್ಕಳನ್ನು ಒಟ್ಟಿಗೆ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದಾಗ ನಾನು ಚಪ್ಪಲಿ ಬಿಟ್ಟು ಒಂದು ಕಡಿದಾದ ಬಂಡೆಯನ್ನು ಸುಮ್ಮನೆ ಹತ್ತಿಬಿಟ್ಟದ್ದನ್ನು ಅವರು ನೋಡಿದರು. ಮುಂದಿನ ಭಾನುವಾರದಿಂದ ನಾವಿಬ್ಬರೂ ತೆರಕಣಾಂಬಿಯಲ್ಲಿ ಇಳಿದು, ಹೊಲಗಳ ಬದುವಿನ ಮೇಲೆ ನಡೆದು, ಹುಣಸೆಮರವಿರುವ ದೊಡ್ಡ ಬಂಡೆಗೆ ಹೋಗುವುದು ರೂಢಿಯಾಯಿತು. ಬಂಡೆಯ ಹಿಂಬದಿಯಿಂದ ನಡೆದು ಮೇಲೆ ಹೋಗಬಹುದಿತ್ತು. ಹಾಗೆ ಹೋಗಿ ನೆತ್ತಿಯ ಗುಂಡುಕಲ್ಲೊಂದಕ್ಕೆ ಪಟ್ಟಿ ಬಿಗಿದು, ಅದರ ಕೊಂಡಿಯಲ್ಲಿ ಹಗ್ಗ ತೂರಿಸಿ ಎರಡು ತುದಿಗಳನ್ನೂ ಕೆಳಗೆ ಬಿಡುತ್ತಿದ್ದೆವು. ಒಂದು ತುದಿ ಹತ್ತುವವರ ಸೊಂಟದ ಬೆಲ್ಟಿಗೆ. ಇನ್ನೊಂದು ತುದಿ ಕೆಳಗೆ ನಿಂತವರ ಬೆಲ್ಟಿಗೆ ಸಿಕ್ಕಿಸಿದ ಕೊಂಡಿಯ ಮೂಲಕ ಅವರ ಕೈಗೆ. ಮೇಲಿದ್ದವರು ಜಾರಿದರೆ ಕೆಳಗಿದ್ದವರು ಹಗ್ಗ ಬಿಗಿ ಹಿಡಿದು ತಡೆಯಬೇಕು.

ಮೊದಲೆರಡು ವರ್ಷ ನಮ್ಮ ಬೆಲ್ಟುಗಳು ನಾವೇ ಹೊಲಿಸಿದವು. ಲಾರಿಯ ಟಾರ್ಪಾಲಿಗೆ ಬಿಗಿಯುವ ದಪ್ಪ ಪಟ್ಟಿಯನ್ನು ಅಕ್ಕ ಅಳತೆ ಕೊಟ್ಟು, ಚಾಮರಾಜನಗರದಲ್ಲಿ ಚೀಲ ಹೊಲಿಯುವವರ ಹತ್ತಿರ ಹೊಲಿಸಿದ್ದರು. ಸೊಂಟಕ್ಕೊಂದು ಸುತ್ತು, ಎರಡು ತೊಡೆಗೆ ಎರಡು ಸುತ್ತು. ಆನೆ ಕಟ್ಟಿದರೂ ಕಿತ್ತುಬರುವಂಥದ್ದಲ್ಲ. ಆದರೆ ಬೆವರಿನಲ್ಲಿ ನೆನೆದರೆ ಇನ್ನಷ್ಟು ಭಾರವಾಗುತ್ತಿತ್ತು. ಹಗ್ಗದ ಮೇಲೆ ಸ್ವಲ್ಪ ಹೊತ್ತು ಕೂತರೆ ತೊಡೆ ಮರಗಟ್ಟಿ, ಚೂಡಿದಾರದ ಮೇಲಿಂದಲೇ ಚರ್ಮ ಉಜ್ಜಿಹೋಗುತ್ತಿತ್ತು. ಸೋಮವಾರ ಶಾಲೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದೆ. ಮೇಷ್ಟ್ರೊಬ್ಬರು ಏನೋ ಬೇರೆಯೇ ಊಹಿಸಿಕೊಂಡು, ಮನೆಯಲ್ಲಿ ಹೊಡೆಯುತ್ತಾರೇನಮ್ಮ ಎಂದು ಗುಟ್ಟಾಗಿ ಕೇಳಿದ್ದುಂಟು.

ಅಂಥ ಬೆಲ್ಟಿನ ನಂತರ ಬಂದದ್ದು ಈ ಹಗುರದ್ದು. ಅಕ್ಕನ ಜೊತೆ ಶಿಕ್ಷಣ ಪಡೆದ ಬೆಂಗಳೂರಿನ ಗೆಳತಿಯೊಬ್ಬರು ಹೊರದೇಶದಿಂದ ತರಿಸಿಕೊಟ್ಟಿದ್ದರು. ನೀಲಿ ಬಣ್ಣ. ಸೊಂಟದ ಪಟ್ಟಿಯ ಒಳಮೈಗೆ ತೆಳ್ಳನೆಯ ಮೆತ್ತೆ. ಕೊಂಡಿಗಳನ್ನು ತೂಗುಹಾಕಲು ಬದಿಗಳಲ್ಲಿ ಸಣ್ಣ ಕುಣಿಕೆಗಳು. ಮಡಿಚಿದರೆ ಊಟದ ಡಬ್ಬಿಯ ಚೀಲದಲ್ಲಿ ಹಿಡಿಸುತ್ತಿತ್ತು. ಅಕ್ಕ ಅದನ್ನು ತೊಟ್ಟು ಹತ್ತುವುದನ್ನು ನೋಡುತ್ತ ನನಗೆ ಆಸೆಯೂ ಆಗುತ್ತಿತ್ತು, ಅಷ್ಟು ತೆಳುವಾದದ್ದನ್ನು ನಂಬಿ ಜೀವ ಒಪ್ಪಿಸುತ್ತಾರಲ್ಲ ಎಂದು ದಿಗಿಲೂ ಆಗುತ್ತಿತ್ತು.

ಪೊಟ್ಟಣ ಬಿಚ್ಚಿದಾಗ ಅಮ್ಮ ಹಾಲು ಕಾಯಿಸುತ್ತಿದ್ದಳು. ಒಲೆ ಆರಿಸಿ ಬಂದು ಬೆಲ್ಟನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು.

“ಇದೇನಮ್ಮಿ, ಉಡಿದಾರ್ದಂಗದೆ.”

ಅಕ್ಕ ಕೊಟ್ಟರು ಎಂದೆ. ಒಗ್ಗಲಿಲ್ಲವಂತೆ ಎಂದೂ ಹೇಳಿದೆ. ಅಮ್ಮ ಬೆಲ್ಟನ್ನು ಕೆಳಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒಳ್ಳೆಯ ಸಾಮಾನನ್ನು ಯಾರೂ ಬಳಸದೆ ಬಿಟ್ಟುಕೊಡುವುದಿಲ್ಲ ಎನ್ನುವುದು ಅವಳ ವಾದ. ಕೊಟ್ಟವರ ಮೇಲೆ ಅವಳಿಗೆ ಯಾವತ್ತೂ ಗುಮಾನಿ. ಕುದೇರಿನಲ್ಲಿ ಪಕ್ಕದ ಮನೆಯವರು ಕೊಟ್ಟ ಸೋರೆಕಾಯಿಯನ್ನು ಮೊದಲು ಒಂದು ಚೂರು ನಾಲಿಗೆಗೆ ಇಟ್ಟು, ಕಹಿ ಇಲ್ಲವೆಂದು ನೋಡಿಕೊಂಡೇ ಹೆಚ್ಚುತ್ತಿದ್ದಳು. ನಾನು ನಕ್ಕುಬಿಟ್ಟೆ. ಆದರೆ ಅಮ್ಮ ಮಲಗಿದ ಮೇಲೆ ನಾನೇ ಬೆಲ್ಟನ್ನು ದೀಪದ ಹತ್ತಿರ ತಂದು ಇಂಚಿಂಚೂ ನೋಡತೊಡಗಿದೆ.

ಹೊಲಿಗೆ ಸರಿಯಾಗಿತ್ತು. ಮುಂದಿನ ಕುಣಿಕೆ ಸರಿಯಾಗಿತ್ತು. ಸೊಂಟದ ಪಟ್ಟಿ ಬಕಲಿನಲ್ಲಿ ತೂರಿ ಬರುವ ಜಾಗದಲ್ಲಿ ಮಾತ್ರ ವಿಚಿತ್ರ ಕಂಡಿತು. ಬಕಲ್ ಕಚ್ಚಿ ಹಿಡಿದ ಜಾಗದಲ್ಲಿ ಪಟ್ಟಿಗೆ ಒಂದು ಮಡಿಕೆ ಬೀಳುತ್ತದೆ. ಒಬ್ಬರೇ ತೊಡುವ ಬೆಲ್ಟಿನಲ್ಲಿ ಅದು ಒಂದೇ ಕಡೆ ಇರಬೇಕು. ಇಲ್ಲಿ ಹಳೆಯ ಮಡಿಕೆಯ ಆಚೆ ಇನ್ನೊಂದು, ಅದರಾಚೆ ಮತ್ತೊಂದು. ಒಂದೊಂದೂ ಪಟ್ಟಿಯ ತುದಿಗೆ ಹತ್ತಿರ ಹತ್ತಿರ. ಕೊನೆಯದರ ಸುತ್ತ ಎಳೆಗಳು ಜೂಲು ಬಿಟ್ಟಿದ್ದವು. ಭಾರ ಬಿದ್ದಾಗ ಪಟ್ಟಿ ಬಕಲಿನಲ್ಲಿ ಜಾರಿದೆ ಎಂದು ನನಗೆ ತಕ್ಷಣ ಹೊಳೆಯಿತು. ಪಟ್ಟಿಯನ್ನು ಬಕಲಿನಿಂದ ಮತ್ತೆ ವಾಪಸ್ ತಿರುಗಿಸಿ ತೂರಿಸದೇ ಇದ್ದರೆ ಹಾಗೆ ಜಾರುತ್ತದೆ ಎಂದು ಅಕ್ಕನೇ ಕಲಿಸಿದ್ದರು. ಬೇಸಿಗೆ ರಜೆಯ ಕೊನೆಯಲ್ಲಿ ಅವರು ಬೆಂಗಳೂರಿನ ಗೆಳತಿಯ ಜೊತೆ ಎಲ್ಲೋ ಬಂಡೆಗೆ ಹೋಗಿಬಂದಿದ್ದರು. ಅಲ್ಲಿಂದ ಬಂದ ಮೇಲೆ ಒಂದು ಭಾನುವಾರ ಜ್ವರ, ಇನ್ನೊಂದು ಭಾನುವಾರ ನೆಂಟರು ಎಂದು ನೆಪ ಹೇಳುತ್ತಲೇ ಬಂದಿದ್ದರು. ಅಲ್ಲಿ ದೊಡ್ಡದಾಗಿ ಬಿದ್ದಿದ್ದಾರೆ, ಬೆಲ್ಟಿಗೆ ಏಟಾಗಿದೆ, ಎಸೆಯಲು ಮನಸ್ಸಾಗದೆ ನನ್ನ ಕೈಗೆ ದಾಟಿಸಿದ್ದಾರೆ. ಹೀಗೆ ನನ್ನ ತಲೆಯಲ್ಲಿ ಒಂದು ಕಥೆಯೇ ತಯಾರಾಯಿತು.

ಬೆಳಿಗ್ಗೆ ಅಮ್ಮನಿಗೆ ಮಡಿಕೆಗಳನ್ನು ತೋರಿಸಿದೆ. ತೋರಿಸಬಾರದಿತ್ತು. ಅವಳು ಇನ್ನೂ ಮುಂದಕ್ಕೆ ಹೋದಳು. ಅಕ್ಕನ ಗಂಡನಿಗೆ ಚಾಮರಾಜನಗರದಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ. ಹೆಂಡತಿ ಬಂಡೆ ಹತ್ತುವುದು ಆ ಮನೆಯವರಿಗೆ ಇಷ್ಟವಿಲ್ಲವೆಂದು ಅಮ್ಮನಿಗೆ ಗೊತ್ತಿತ್ತು.

“ಅವ್ನೇ ಆಸಿಡ್ಡು ಗೀಸಿಡ್ಡು ಉಯ್ದಿರ್ಬೋದು ಕಣಮ್ಮಿ. ಇವ್ಳಿಗೆ ತಿಳ್ದು, ತಾನು ಹಾಕಳದ್ ಬುಟ್ಬುಟ್ಟವ್ಳೆ.”

ಅಷ್ಟು ಕೆಟ್ಟದ್ದನ್ನು ನಾನು ನಂಬಲಿಲ್ಲ. ಆದರೆ ಆಸಿಡ್ ಎಂಬ ಮಾತು ನಾಟಿತು. ಬ್ಯಾಟರಿಯ ಆಸಿಡ್ ಸೋಕಿದ ನೈಲಾನ್ ಮೇಲೆ ನೋಡಲು ಚೆನ್ನಾಗಿಯೇ ಇರುತ್ತದೆ, ಒಳಗೆ ಸತ್ತುಹೋಗಿರುತ್ತದೆ ಎಂದು ಅಕ್ಕ ಎಷ್ಟೋ ಸಲ ಎಚ್ಚರಿಸಿದ್ದರು. ಅದಕ್ಕೇ ಹಗ್ಗವನ್ನು ಗಂಡನ ಸ್ಕೂಟರಿನ ಹತ್ತಿರವೂ ಇಡುತ್ತಿರಲಿಲ್ಲ. ಬೆಲ್ಟನ್ನು ಮೂಸಿ ನೋಡಿದೆ. ಪೇಪರಿನ ವಾಸನೆ, ಕೊತ್ತಂಬರಿ ಸೊಪ್ಪಿನ ವಾಸನೆ. ಮತ್ತೆ ಮೂಸಿದರೆ ಇನ್ನೇನೋ ಒಂದು ಇದ್ದಂತೆಯೂ ಅನ್ನಿಸಿತು.

ಪರೀಕ್ಷೆ ಮಾಡೋಣವೆಂದು ಅಮ್ಮನೇ ಅಂದಳು. ಹಸು ಕಟ್ಟುವ ಕೊಟ್ಟಿಗೆಯ ತೊಲೆಗೆ ಹಗ್ಗ ಬಿಗಿದು, ಬೆಲ್ಟಿನೊಳಗೆ ಒಂದು ಮೂಟೆ ರಾಗಿ ಕೂರಿಸಿ, ಮೇಲೆ ಗುಂಡುಕಲ್ಲು ಇಟ್ಟು ಕಟ್ಟಿದೆವು. ಇಬ್ಬರೂ ಸೇರಿ ಎತ್ತಿ ಎತ್ತಿ ಬಿಟ್ಟೆವು. ತೊಲೆ ಕಿರುಗುಟ್ಟಿತು, ಹಸು ಬೆದರಿತು. ಬೆಲ್ಟಿಗೆ ಏನೂ ಆಗಲಿಲ್ಲ. ಆಮೇಲೆ ನಾನೇ ತೊಟ್ಟು ಜೋತು ಕೂತೆ. ಎಷ್ಟು ಹಾಯಾಗಿತ್ತೆಂದರೆ, ಅಲ್ಲೇ ಕೂತು ಮಕ್ಕಳ ಕಾಪಿ ಪುಸ್ತಕ ತಿದ್ದಬಹುದಿತ್ತು. ತೊಡೆಗೆ ಒತ್ತುತ್ತಿರಲಿಲ್ಲ, ಸೊಂಟ ಕೊರೆಯುತ್ತಿರಲಿಲ್ಲ. ಇಷ್ಟು ಸುಖವಾದದ್ದು ಯಾರಿಗೆ ತಾನೇ ಒಗ್ಗುವುದಿಲ್ಲ? ಬೆಲ್ಟು ಚೆನ್ನಾಗಿದ್ದಷ್ಟೂ ನನ್ನ ಅನುಮಾನ ಬೆಳೆಯಿತು. ಅಮ್ಮನಿಗಂತೂ ಪರೀಕ್ಷೆಯ ಮೇಲೇ ನಂಬಿಕೆ ಬರಲಿಲ್ಲ. ರಾಗಿಮೂಟೆ ಒದ್ದಾಡುವುದಿಲ್ಲ, ಮನುಷ್ಯ ಒದ್ದಾಡುತ್ತಾನೆ ಎಂದಳು.

ಆ ವಾರ ಏನೋ ನೆಪ ಮಾಡಿಕೊಂಡು ಚಾಮರಾಜನಗರಕ್ಕೆ ಹೋದೆ. ಅಕ್ಕ ಶಾಲೆಯಲ್ಲಿರುವ ಹೊತ್ತು ನೋಡಿಯೇ ಹೋದೆ. ಅಂಗಡಿಯಲ್ಲಿ ಅವರ ಗಂಡ ಒಬ್ಬರೇ ಇದ್ದರು. ಮೆಲು ಮಾತಿನ ಮನುಷ್ಯ. ಅಂಗಿಯ ತುಂಬ ಆಸಿಡ್ ಹಾರಿ ಆದ ತೂತುಗಳು. ಬೆಂಚಿನ ಮೇಲೆ ಕೂರಿಸಿ ಟೀ ತರಿಸಿದರು. ನಾನು ಸುತ್ತುಬಳಸಿ ಮಾತಾಡಿ, ಅಕ್ಕ ಹೊಸ ಬೆಲ್ಟನ್ನು ಎಲ್ಲಿಡುತ್ತಿದ್ದರು ಎಂದು ಕೇಳಿದೆ. ಅವರು ಚಕ್ಕನೆ ನನ್ನ ಮುಖ ನೋಡಿದರು. ಮನೆಯಲ್ಲಿ, ಬೀರುವಿನಲ್ಲಿ ಎಂದರು. ಬೆಂಗಳೂರಿನಲ್ಲಿ ಏನಾದರೂ ಆಯಿತೇ ಎಂದೆ. ಅವರು ಒಂದು ಬ್ಯಾಟರಿಯ ಮುಚ್ಚಳ ತಿರುಗಿಸುತ್ತ ಕೂತುಬಿಟ್ಟರು.

“ಅವಳನ್ನೇ ಕೇಳಮ್ಮ. ನಾನು ಹೇಳಂಗಿಲ್ಲ” ಅಂದರು. ನಾನು ಎದ್ದಾಗ ಬಾಗಿಲ ತನಕ ಬಂದು, “ಸ್ವಲ್ಪ ದಿನ ಅವಳನ್ನ ಬಂಡೆಗೆ ಕರೀಬೇಡ. ನೀನು ಕರೆದ್ರೆ ಅವಳು ಇಲ್ಲ ಅನ್ನಲ್ಲ” ಎಂದೂ ಸೇರಿಸಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಆ ಮಾತನ್ನು ಮಗುಚಿ ಮಗುಚಿ ನೋಡಿದೆ. ಏನೋ ಇದೆ ಎಂಬುದು ಖಾತ್ರಿಯಾಯಿತು. ಗಂಡ ಹೆಂಡತಿ ಇಬ್ಬರೂ ಸೇರಿ ಮುಚ್ಚಿಡುತ್ತಿದ್ದಾರೆ. ಅಕ್ಕನನ್ನು ಬಂಡೆಗೆ ಕರೆಯಬಾರದು ಎಂದವರು, ನೀನು ಹತ್ತಬೇಡ ಎಂದೇಕೆ ಹೇಳಲಿಲ್ಲ? ಅಕ್ಕನದು ಜೀವ, ನನ್ನದು ಅಲ್ಲವೇ? ಮರುದಿನವೇ ಅಕ್ಕನ ಶಾಲೆಗೆ ಹೋಗಿ, ಭಾನುವಾರ ಹೊಸ ಬೆಲ್ಟು ಹಾಕಿಕೊಂಡು ಹತ್ತುತ್ತೇನೆ, ಬರುತ್ತೀರಾ ಎಂದು ಕೇಳಿದೆ. ಕೇಳುವಾಗ ಅವರ ಕಣ್ಣನ್ನೇ ನೋಡುತ್ತಿದ್ದೆ. ಅವರು ಮೈದಾನದಲ್ಲಿ ಖೋಖೋ ಆಡುತ್ತಿದ್ದ ಹುಡುಗಿಯರ ಕಡೆ ನೋಡುತ್ತ, ಬರುತ್ತೇನೆ, ಆದರೆ ಹತ್ತುವುದಿಲ್ಲ, ಹಗ್ಗ ಮಾತ್ರ ಹಿಡಿಯುತ್ತೇನೆ ಎಂದರು.

ಭಾನುವಾರ ಗುಂಡ್ಲುಪೇಟೆಯಿಂದ ಹೊರಟ ನನ್ನ ಬಸ್ಸನ್ನು ದಾರಿಯಲ್ಲಿ ಪೊಲೀಸರು ನಿಲ್ಲಿಸಿದರು. ಕಾಡುಗಳ್ಳನ ಹುಡುಕಾಟದ ಕಾಲ ಅದು. ಚೀಲ ತಪಾಸಣೆ ಮಾಮೂಲಿ. ಆದರೆ ನನ್ನ ಚೀಲದಿಂದ ಬೆಲ್ಟೂ ಕೊಂಡಿಗಳೂ ಹೊರಬಂದಾಗ ಪೇದೆ ಅದನ್ನು ಎತ್ತಿಹಿಡಿದು ಎಲ್ಲರಿಗೂ ತೋರಿಸಿದ. ಯಾರಿಗೆ ತಗೊಂಡು ಹೋಗ್ತಿದ್ದೀಯಮ್ಮ ಎಂದ. ನನಗೇ ಎಂದೆ. ನಂಬಲಿಲ್ಲ. ಹೆಂಗಸಿಗೆ ಇದೆಲ್ಲ ಯಾಕೆ, ಎಲ್ಲಿಗೆ, ಜೊತೆಗೆ ಯಾರು ಎಂದು ಮತ್ತೆ ಮತ್ತೆ ಕೇಳಿದ. ಕೊನೆಗೆ ಬಸ್ಸಿನಲ್ಲಿದ್ದ ನನ್ನ ಶಾಲೆಯ ಮಗುವೊಂದರ ಅಜ್ಜಿ, ಇವ್ಳು ನಮ್ಮ ಐಕ್ಳಿಗೆ ಪಾಠ ಯೋಳೋ ಮಿಸ್ಸು ಎಂದು ಸಾಕ್ಷಿ ಹೇಳಿದ ಮೇಲೆ ಬಿಟ್ಟ. ಬೆಲ್ಟನ್ನು ಚೀಲಕ್ಕೆ ತುಂಬಿಕೊಳ್ಳುವಾಗ, ಪೊಲೀಸರೂ ಅದನ್ನು ನಂಬದ ಮೇಲೆ ನಾನು ಮಾತ್ರ ಯಾಕೆ ನಂಬಬೇಕು ಅನ್ನಿಸಿತು.

ತೆರಕಣಾಂಬಿಯಲ್ಲಿ ಅಕ್ಕ ಮೊದಲೇ ಬಂದು ಕಾಯುತ್ತಿದ್ದರು. ಮುಖ ಬಾಡಿತ್ತು. ಸಡಿಲವಾದ ಚೂಡಿದಾರ, ಮೇಲೆ ಗಂಡನ ಸ್ವೆಟರು. ಬಿಸಿಲಿನಲ್ಲಿ ಸ್ವೆಟರೇಕೆ ಎಂದರೆ, ಹಾಗೇ ಎಂದರು. ದಾರಿಯಲ್ಲಿ ಎರಡು ಸಲ ಕೂತರು. ಬಂಡೆಯ ಬುಡದಲ್ಲಿ ಎಂದಿನ ಮುದುಕ ಆಡು ಮೇಯಿಸುತ್ತಿದ್ದ. ನಾವು ಕರಿಕಲ್ಲಿನ ಕ್ವಾರಿಯವರ ಪರವಾಗಿ ಬಂಡೆ ಅಳೆಯಲು ಬರುತ್ತೇವೆ ಎಂದು ಅವನಿಗೆ ಮೊದಲಿನಿಂದಲೂ ಗುಮಾನಿ. ಆ ದಿನವೂ ದೂರದಲ್ಲಿ ಕೋಲಿಗೆ ಗಲ್ಲ ಊರಿ ನಮ್ಮನ್ನೇ ಕಾಯುತ್ತ ಕೂತ.

ನಾನು ಮೇಲೆ ಹೋಗಿ ಹಗ್ಗ ಬಿಟ್ಟು ಬಂದೆ. ಬೆಲ್ಟು ತೊಟ್ಟು, ಪಟ್ಟಿಯನ್ನು ಬಕಲಿನಲ್ಲಿ ವಾಪಸ್ ತಿರುಗಿಸಿ ಎಳೆದು, ಗಂಟು ಹಾಕಿದೆ. ಅಕ್ಕ ಗಂಟನ್ನು ಮುಟ್ಟಿ ನೋಡಿದರು. ಬಕಲನ್ನೂ ಅಲುಗಿಸಿ ನೋಡಿದರು. ಎರಡು ವರ್ಷದಿಂದಲೂ ನನ್ನ ಹಗ್ಗವನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡೇ ಹಿಡಿಯುತ್ತಿದ್ದವರು, ಆ ದಿನ ಹುಣಸೆಮರದ ಬುಡಕ್ಕೆ ಪಟ್ಟಿ ಸುತ್ತಿ ಕೊಂಡಿಯನ್ನು ಅದಕ್ಕೆ ಹಾಕಿದರು. ತಾವು ಪಕ್ಕದಲ್ಲಿ ನಿಂತು ಹಗ್ಗವನ್ನು ಕೈಯಲ್ಲಿ ಹಿಡಿದರು. ನಾನು ಬಿದ್ದರೆ ಎಳೆತ ಮರಕ್ಕೆ, ಅವರಿಗಲ್ಲ.

ಹಳೇ ಬೆಲ್ಟು ತಂದಿಲ್ಲವೇ ಎಂದೆ. ಮರವೇ ಗಟ್ಟಿ, ಹತ್ತು ಎಂದರು.

ಹತ್ತತೊಡಗಿದೆ. ಮೊದಲ ಅರ್ಧ ಸುಲಭ. ಅಲ್ಲಿಂದ ಮುಂದೆ ಎಡಗೈಗೆ ಒಂದು ಬಿರುಕು ಬಿಟ್ಟರೆ ಹಿಡಿಯಲು ಏನೂ ಇಲ್ಲದ ನುಣುಪು ಜಾಗ. ಹಿಂದೆ ಎಷ್ಟೋ ಸಲ ಅಲ್ಲಿ ಜಾರಿ, ಹಗ್ಗದ ಮೇಲೆ ಜೋತು, ಮತ್ತೆ ಹತ್ತಿದ್ದೆ. ಆ ದಿನ ಬಿರುಕಿಗೆ ಬೆರಳು ತೂರಿಸಿದವಳು ಮುಂದಕ್ಕೆ ಹೆಜ್ಜೆ ಇಡದೆ ನಿಂತೆ. ಹಳೇ ಬೆಲ್ಟಿನ ಭಾರ ಸೊಂಟದಲ್ಲಿರಲಿಲ್ಲ. ಮೈಗೆ ಏನೂ ಕಟ್ಟಿಲ್ಲ, ಬರಿಮೈಯಲ್ಲಿ ಬಂಡೆಗೆ ಅಂಟಿದ್ದೇನೆ ಅನ್ನಿಸಿತು. ಕೆಳಗೆ ನೋಡಿದೆ. ಮರ, ಮರದ ಪಕ್ಕ ಅಕ್ಕ.

“ಅಕ್ಕ, ಈ ಬೆಲ್ಟಿಗೆ ಏನಾಗದೆ? ಸುಳ್ಳು ಹೇಳ್ಬೇಡಿ.”

ಅವರು ಹಗ್ಗವನ್ನು ಇನ್ನಷ್ಟು ಬಿಗಿ ಮಾಡಿದರು. ಬೆಂಗಳೂರಲ್ಲಿ ಬಿದ್ದಿರಾ ಎಂದು ಕೇಳಿದೆ. ಆಸಿಡ್ ಚೆಲ್ಲಿದೆಯಾ ಎಂದು ಕೇಳಿದೆ. ನನ್ನ ದನಿ ಬಂಡೆಗೆ ಬಡಿದು ನನಗೇ ಅಸಹ್ಯವಾಗಿ ಕೇಳಿಸುತ್ತಿತ್ತು. ಆಡಿನ ಮುದುಕ ಎದ್ದು ನಿಂತಿದ್ದ.

“ಹಗ್ಗದ ಮೇಲೆ ಕೂತ್ಕೊ. ಇಳಿಸ್ತೀನಿ” ಅಂದರು ಅಕ್ಕ.

ಕೂರುವುದೆಂದರೆ ಬೆಲ್ಟಿನ ಮೇಲೆ ಮೈ ಬಿಡುವುದು. ನಾನು ಬಿಡಲಿಲ್ಲ. ಕಾಲು ಸೋತು ತಾನಾಗಿಯೇ ಜಾರಿದಾಗ ಬೆಲ್ಟು ತೊಡೆಗಳನ್ನೂ ಸೊಂಟವನ್ನೂ ಮೆತ್ತಗೆ ಹಿಡಿಯಿತು. ತೊಟ್ಟಿಲಲ್ಲಿ ಹಾಕಿದಂತೆ ನಾನು ಗಾಳಿಯಲ್ಲಿ ಕೂತಿದ್ದೆ. ಅಕ್ಕ ನಿಧಾನವಾಗಿ ನನ್ನನ್ನು ನೆಲಕ್ಕೆ ಇಳಿಸಿದರು.

ಗಂಟು ಬಿಚ್ಚುವ ಮೊದಲೇ ಮಡಿಕೆಗಳನ್ನು ಅವರ ಮುಂದೆ ಹಿಡಿದೆ. ಪಟ್ಟಿ ಜಾರಿದೆ, ನೋಡಿ ಎಂದೆ. ಅವರು ಪಟ್ಟಿಯನ್ನು ಕೈಗೆ ತೆಗೆದುಕೊಂಡು ಒಂದೊಂದೇ ಮಡಿಕೆಯ ಮೇಲೆ ಹೆಬ್ಬೆರಳು ಓಡಿಸಿದರು. ಆಮೇಲೆ ಬಂಡೆಗೆ ಒರಗಿ ಕೂತು, ಸ್ವೆಟರನ್ನು ಸ್ವಲ್ಪ ಮೇಲೆತ್ತಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು.

“ಜಾರಿಲ್ಲ ಕಣಮ್ಮಿ. ನಾನೇ ಸಡ್ಲ ಮಾಡ್ತಾ ಬಂದೆ. ಈಗ ಎಷ್ಟು ಸಡ್ಲ ಮಾಡುದ್ರೂ ಸೊಂಟಕ್ಕೆ ಕೂರಲ್ಲ. ನಾಕು ತಿಂಗ್ಳು.”

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವರಿಗೆ ಮದುವೆಯಾಗಿ ಬಹಳ ವರ್ಷವಾಗಿತ್ತು. ಮಕ್ಕಳಿಲ್ಲ ಎಂಬುದು ಗೊತ್ತಿತ್ತು. ಹಿಂದೆ ಎರಡು ಸಲ ಗರ್ಭ ನಿಂತು ಇಳಿದುಹೋಗಿತ್ತು ಎಂಬುದು ಗೊತ್ತಿರಲಿಲ್ಲ. ಐದು ತಿಂಗಳು ತುಂಬುವ ತನಕ ಯಾರ ಕಿವಿಗೂ ಬೀಳಬಾರದು ಎಂದು ಅತ್ತೆ ಅವರಿಂದಲೂ ಗಂಡನಿಂದಲೂ ಆಣೆ ಹಾಕಿಸಿಕೊಂಡಿದ್ದರಂತೆ. ಬೆಂಗಳೂರಿಗೆ ಹೋದಾಗ ವಿಷಯ ಅವರಿಗೇ ಗೊತ್ತಿರಲಿಲ್ಲ. ಅಲ್ಲಿ ಹತ್ತುವಾಗ ಬೆಲ್ಟು ಹೊಟ್ಟೆಗೆ ಒತ್ತಿ ವಾಕರಿಕೆ ಬಂದಾಗ ಊಟ ಹೆಚ್ಚಾಯಿತೆಂದುಕೊಂಡು ಸಡಿಲ ಮಾಡಿದ್ದರು. ಆಮೇಲೆ ಮನೆಯಲ್ಲಿ, ಬಾಗಿಲು ಹಾಕಿಕೊಂಡು, ಕೂರುತ್ತದೆಯೋ ಎಂದು ಆಗಾಗ ತೊಟ್ಟು ನೋಡುತ್ತಿದ್ದರು. ಕೊನೆಗೆ ಪಟ್ಟಿಯ ತುದಿಯನ್ನು ಬಕಲಿಗೆ ತೂರಿಸಲು ಎಳೆದಾಡಿ, ಅಲ್ಲಿ ಎಳೆ ಎದ್ದಿತ್ತು. ಮನೆಯಲ್ಲಿಟ್ಟುಕೊಂಡರೆ ಬಂಡೆಗೆ ಬಂದೇಬಿಡುತ್ತೇನೆ ಎಂಬ ಹೆದರಿಕೆಗೆ ನನಗೆ ಕೊಟ್ಟರು. ಹಗ್ಗ ಮರಕ್ಕೆ ಕಟ್ಟಿದ್ದೂ ಹೊಟ್ಟೆಗೆ ಎಳೆತ ಬೀಳಬಾರದೆಂದು.

ಇಷ್ಟನ್ನು ಹೇಳಿದ ಮೇಲೆ ಸಿಟ್ಟು ಬಂತು ಅವರಿಗೆ. ಗದರಲಿಲ್ಲ, ಹಗ್ಗ ಸುತ್ತುತ್ತ ಕೂತರು.

“ಕೆಟ್ಟ ಬೆಲ್ಟು ನಿಂಗೆ ಕೊಡ್ತೀನಿ ಅಂತ ಹೆಂಗ್ ಅನ್ಕೊಂಡೆ ನೀನು?”

ನನಗೂ ಒಳಗೊಳಗೇ ಸಿಟ್ಟಿತ್ತು. ಬಸ್ ಸ್ಟ್ಯಾಂಡಿನಲ್ಲಿ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು, ನನ್ನ ಕಣ್ಣೇನು ಅವರ ಹೊಟ್ಟೆಗೆ ತಗಲುತ್ತಿತ್ತೇ ಎಂದು. ಇಬ್ಬರೂ ತೆರಕಣಾಂಬಿಗೆ ನಡೆದೆವು. ದಾರಿಯುದ್ದಕ್ಕೂ ಅವರ ಚೀಲವನ್ನು ನಾನೇ ಹೊತ್ತೆ.

ಅದು ಅಲ್ಲಿಗೆ ಮುಗಿಯಲಿಲ್ಲ. ಆ ವಾರ ಅಕ್ಕನಿಗೆ ಸ್ವಲ್ಪ ರಕ್ತ ಕಂಡು, ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದೆಂದರು. ನಾನು ಹಣ್ಣು ತೆಗೆದುಕೊಂಡು ಚಾಮರಾಜನಗರಕ್ಕೆ ಹೋದರೆ ಅತ್ತೆ ಬಾಗಿಲಲ್ಲೇ ನಿಲ್ಲಿಸಿದರು. ಬಂಡೆಯ ವಿಷಯ ಅವರಿಗೆ ಹೇಗೋ ತಿಳಿದಿತ್ತು. ಬೇಕೆಂತಲೇ ಕರೆಸಿ ನಡೆಸಿದೆ ಎಂದು ಅವರು ಅನ್ನಲಿಲ್ಲ, ಆದರೆ ಮುಖದಲ್ಲಿ ಅದೇ ಇತ್ತು. ಹಣ್ಣನ್ನು ತೆಗೆದುಕೊಂಡು ಹೊರಗಿನ ಜಗುಲಿಯಲ್ಲೇ ಇಟ್ಟರು. ಒಳಗಿನಿಂದ ಅಕ್ಕ, ಯಾರು ಬಂದದ್ದು ಎಂದು ಕೇಳಿದ್ದು ನನಗೆ ಕೇಳಿಸಿತು. ಪಕ್ಕದ ಮನೆಯವರು ಎಂದರು ಅತ್ತೆ. ನಾನು ಹಾಗೇ ಹೊರಟುಬಂದೆ. ಹೀಗಾಯಿತೆಂದು ಅಮ್ಮನಿಗೆ ಹೇಳಿದರೆ, ಅತ್ತೆ ಮಾಡಿದ್ದೇ ಸರಿ, ತಾನಾಗಿದ್ದರೆ ಜಗುಲಿಯನ್ನೂ ಹತ್ತಿಸುತ್ತಿರಲಿಲ್ಲ ಎಂದಳು.

ಆ ತಿಂಗಳುಗಳು ಕಷ್ಟದವು. ಭಾನುವಾರ ಬಂಡೆಗೆ ಹೋಗಲು ಮನಸ್ಸಾಗುತ್ತಿರಲಿಲ್ಲ. ಹೋಗಲು ಜೊತೆಯೂ ಇರಲಿಲ್ಲ. ಬ್ಯಾಟರಿ ಅಂಗಡಿಗೆ ಹೋಗಿ ಅಕ್ಕನ ಗಂಡನಿಂದ ಸುದ್ದಿ ತಿಳಿದುಕೊಂಡು ಬರುತ್ತಿದ್ದೆ. ಅವರು ಮಾತ್ರ ನನ್ನನ್ನು ಯಾವತ್ತೂ ದೂರಲಿಲ್ಲ. ಚೆನ್ನಾಗಿದ್ದಾಳೆ, ಇನ್ನೂ ಮಲಗೇ ಇದ್ದಾಳೆ, ನಿನ್ನನ್ನು ಕೇಳಿದಳು ಎಂದು ಒಂದೊಂದೇ ವಾಕ್ಯ. ಕೊನೆಗೆ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಸ್ಕೂಟರಿನಲ್ಲಿ ಅವರೇ ಗುಂಡ್ಲುಪೇಟೆಗೆ ಬಂದು, ಶಾಲೆಯ ಗೇಟಿನಲ್ಲಿ ಸಕ್ಕರೆ ಪೊಟ್ಟಣ ಹಿಡಿದು ನಿಂತಿದ್ದರು. ಹೆಣ್ಣು ಮಗು. ದಿನಕ್ಕೆ ಸ್ವಲ್ಪ ಮುಂಚೆ ಆದರೂ ಗಟ್ಟಿಯಾಗಿದೆ ಎಂದರು.

ಆಸ್ಪತ್ರೆಗೆ ಹೋದಾಗ ಅತ್ತೆ ನನ್ನನ್ನು ನೋಡಿ ಮಗುವಿನ ಹಣೆಗೆ ಇನ್ನೊಂದು ಕಾಡಿಗೆ ಬೊಟ್ಟು ಇಟ್ಟರು. ಆಮೇಲೆ, ಕೈ ತೊಳೆದುಕೊಂಡು ಎತ್ತಿಕೋ ಎಂದರು.

ಮಗುವಿಗೆ ವರ್ಷ ತುಂಬಿದ ಮೇಲೆ ಅಕ್ಕ ಮತ್ತೆ ಬಂಡೆಗೆ ಬಂದರು. ಗಂಡನೂ ಮಗುವೂ ಜೊತೆಗೆ. ಹುಣಸೆಮರದ ನೆರಳಲ್ಲಿ ಕಂಬಳಿ ಹಾಸಿ ತಂದೆ ಮಗಳು ಕೂತರು. ಅಕ್ಕ ನನ್ನಿಂದ ಬೆಲ್ಟು ಕೇಳಿ ತೆಗೆದುಕೊಂಡರು. ತೊಡುವ ಮೊದಲು ಬಿಸಿಲಿಗೆ ಹಿಡಿದು, ಪ್ರತಿ ಹೊಲಿಗೆಯನ್ನೂ ಉಗುರಿನಿಂದ ಕೆರೆದು ನೋಡಿದರು. ಎಲ್ಲಿಟ್ಟಿದ್ದೆ, ಇಲಿ ಏನಾದರೂ ಮುಟ್ಟಿತೇ, ಎಲ್ಲಾದರೂ ಜೋರಾಗಿ ಬಿದ್ದೆಯಾ ಎಂದು ಕೇಳಿದರು. ಎಲ್ಲದಕ್ಕೂ ಉತ್ತರ ಕೊಟ್ಟೆ. ಎರಡನೇ ಸಲವೂ ಕೇಳಿದರು, ಮತ್ತೆ ಕೊಟ್ಟೆ. ಪಟ್ಟಿ ಈಗ ಮೊದಲಿನ ಮಡಿಕೆಗಿಂತ ಒಂದಷ್ಟು ಈಚೆಗೆ ಕೂತಿತು. ಹಾಸಿಗೆ ಹಿಡಿದು ಸೊರಗಿದ್ದರು. ತೋಳಿನಲ್ಲಿ ಕಸುವಿರಲಿಲ್ಲ. ನುಣುಪು ಜಾಗದ ತನಕ ಹೋಗಿ, ಹಗ್ಗದ ಮೇಲೆ ಕೂತು ಸುತ್ತ ಹೊಲಗಳನ್ನು ನೋಡುತ್ತ ಬಹಳ ಹೊತ್ತು ಹಾಗೇ ಇದ್ದರು. ಮಗು ಅತ್ತ ಮೇಲೆ ಇಳಿಸು ಎಂದರು. ನನ್ನ ಸೊಂಟದ ಕೊಂಡಿಯಲ್ಲಿ ಹಾದ ಹಗ್ಗದಲ್ಲಿ ಅವರ ಭಾರ ಸ್ವಲ್ಪ ಸ್ವಲ್ಪವಾಗಿ ಕೆಳಗೆ ಬಂತು.

ಆ ಬೆಲ್ಟನ್ನು ನಾವಿಬ್ಬರೂ ಸರದಿಯಲ್ಲಿ ತೊಟ್ಟೆವು. ನನಗೆ ಮದುವೆಯಾಗಿ ಭೀಮನಬೀಡಿಗೆ ಬಂದ ಮೇಲೂ ಕೆಲವು ವರ್ಷ ಅದು ಬಾಳಿತು. ಹಳೇ ಟಾರ್ಪಾಲಿನ ಬೆಲ್ಟಿನಷ್ಟು ಗಟ್ಟಿಯಲ್ಲ. ಬಂಡೆಗೆ ಉಜ್ಜಿ ಉಜ್ಜಿ ತೊಡೆಯ ಪಟ್ಟಿಗಳ ಅಂಚು ಸವೆಯಿತು, ಬಿಸಿಲಿಗೆ ನೀಲಿ ಬಿಳುಚಿತು, ಮುಂದಿನ ಕುಣಿಕೆಯ ಮೈ ಒರಟಾಯಿತು. ಆಗ ಅಕ್ಕ, ಇನ್ನು ಇದು ಯಾರ ಸೊಂಟಕ್ಕೂ ಬೇಡ ಎಂದು ಕತ್ತರಿಯಿಂದ ಮುಂದಿನ ಕುಣಿಕೆಯನ್ನು ಕತ್ತರಿಸಿ ಹಾಕಿದರು. ಉಳಿದ ಸೊಂಟದ ಪಟ್ಟಿಯನ್ನು ಅಮ್ಮ ಕುದೇರಿಗೆ ತೆಗೆದುಕೊಂಡು ಹೋದಳು. ಮುಂದಿನ ಸಲ ಹೋದಾಗ ನೋಡಿದರೆ ಕರುವಿನ ಕೊರಳಿಗೆ ಅದನ್ನು ಕಟ್ಟಿದ್ದಳು. ಕರುವಿಗೆ ಒತ್ತುವುದಿಲ್ಲ, ಚೆನ್ನಾಗಿದೆ ಎಂದಳು. ಪಕ್ಕದಲ್ಲೇ ಇನ್ನೊಂದು ಸೆಣಬಿನ ಹಗ್ಗವನ್ನೂ ಕಟ್ಟಿ ಗೂಟಕ್ಕೆ ಬಿಗಿದಿದ್ದಳು.